‘ಉಳಿದ’ ಕಂಡರೆ ಕಳೆಯಬೇಕೇ? ವಾಕ್ಯರೂಪದ ಲೆಕ್ಕಗಳ ಕುರಿತು ಒಂದು ಸ್ಪಷ್ಟನೆ

‘ಒಟ್ಟು’ ಕಂಡರೆ ಕೂಡಿಸಿ, ‘ಉಳಿದ’ ಕಂಡರೆ ಕಳೆಯಿರಿ, ‘ಪ್ರತಿ’ ಕಂಡರೆ ಗುಣಿಸಿ. ಈ ಕೋಷ್ಟಕ ಕಲಿತ ಮಗು ಯಾವುದೇ ವಾಕ್ಯರೂಪದ ಲೆಕ್ಕವನ್ನು ಬಿಡಿಸುತ್ತದೆ ಎಂಬ ಸಂದೇಶವೊಂದು ಹುಬ್ಬಳ್ಳಿ-ಧಾರವಾಡದ ಪಾಲಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಈ ಹೇಳಿಕೆ ತಪ್ಪು.

ಪೇಡೆ ಅಂಗಡಿಯಲ್ಲಿ 15 ಡಬ್ಬಿಗಳು ಮಾರಾಟವಾದ ಬಳಿಕ 20 ಡಬ್ಬಿಗಳು ಉಳಿದವು, ಮೊದಲು ಎಷ್ಟಿದ್ದವು ಎಂಬ ಲೆಕ್ಕವನ್ನು ನೋಡಿ. ‘ಉಳಿದ’ ಎಂಬ ಪದವನ್ನಷ್ಟೇ ಹಿಡಿದ ಮಗು 20ರಲ್ಲಿ 15 ಕಳೆದು 5 ಎಂದು ಬರೆಯುತ್ತದೆ. ಮಾರಿದ್ದೇ 15 ಆಗಿರುವಾಗ ಮೊದಲು 5 ಮಾತ್ರ ಇರಲು ಹೇಗೆ ಸಾಧ್ಯ ಎಂಬ ಪ್ರಶ್ನೆಯೇ ಅದಕ್ಕೆ ಹೊಳೆಯುವುದಿಲ್ಲ. ಸರಿಯುತ್ತರ 35. ಬ್ಯಾಡಗಿ ಮಾರುಕಟ್ಟೆಗೆ ಬಂದ ಒಟ್ಟು 45 ಚೀಲ ಮೆಣಸಿನಕಾಯಿಯಲ್ಲಿ 18 ಚೀಲ ಕಡ್ಡಿ ತಳಿಯದು, ಮಿಕ್ಕದ್ದು ಡಬ್ಬಿ ತಳಿಯದು, ಡಬ್ಬಿ ಮೆಣಸಿನಕಾಯಿ ಎಷ್ಟು ಚೀಲ ಎಂದಾಗ, ‘ಒಟ್ಟು’ ಇದ್ದರೂ ಕಳೆದೇ 27 ಎಂಬ ಉತ್ತರ ಪಡೆಯಬೇಕು.

ಕೋಷ್ಟಕ ಮಾಡಿದವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆರಂಭದ ತರಗತಿಗಳ ಒಂದೇ ಹಂತದ ಲೆಕ್ಕಗಳಿಗೆ ಅದು ಹಲವು ಬಾರಿ ಹೊಂದುತ್ತದೆ, ಅದಕ್ಕಾಗಿಯೇ ಮಕ್ಕಳು ಅದನ್ನು ನಂಬಿಬಿಡುತ್ತಾರೆ.

ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ವಿವರಿಸಿದ ನಾಲ್ಕು ಹಂತಗಳಲ್ಲಿ ಮೊದಲನೆಯದು ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದು, ಕೊನೆಯದು ಉತ್ತರವನ್ನು ಮರಳಿ ಪರಿಶೀಲಿಸುವುದು. ಕೋಷ್ಟಕ ಈ ಎರಡನ್ನೂ ಬಿಟ್ಟುಬಿಡುತ್ತದೆ. ಅದರ ಬದಲು ಅಂಕಿಗಳನ್ನು ಮುಚ್ಚಿ ಲೆಕ್ಕವನ್ನು ಕಥೆಯಂತೆ ಓದಿಸಿ, ಏನು ನಡೆಯಿತು, ಏನನ್ನು ಕೇಳಿದ್ದಾರೆ ಎಂಬುದನ್ನು ಮಗು ತನ್ನ ಮನೆಮಾತಿನಲ್ಲೇ ಹೇಳಲು ಬಿಡಿ. ಆನಂತರ ಉದ್ದನೆಯ ಆಯತಾಕಾರದ ಪಟ್ಟಿಯೊಂದರ ಚಿತ್ರ ಬರೆಸಿ, ಇಡಿಯಾದದ್ದು ಯಾವುದು, ಅದರ ಭಾಗಗಳು ಯಾವುವು ಎಂದು ಗುರುತಿಸಲು ಹೇಳಿ.