ಅಡ್ಡಹೆಸರಿಗೆ ಮರಣದಂಡನೆ

ಕೊಲೆಯಾದರೆ ಕೊಲೆಗಾರನನ್ನು ಹುಡುಕುವುದು ಹಳೇ ಪದ್ಧತಿ. ಸ್ಕಾಟ್ಲೆಂಡಿನ ಆರನೇ ಜೇಮ್ಸ್ ದೊರೆಯ ಸರ್ಕಾರ ಇದಕ್ಕಿಂತ ಸುಲಭದ ದಾರಿ ಕಂಡುಕೊಂಡಿತ್ತು: ಹೆಸರನ್ನೇ ಹಿಡಿದು ಗಲ್ಲಿಗೇರಿಸುವುದು.

1603ರ ಫೆಬ್ರವರಿ 7ರಂದು ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ ಮ್ಯಾಕ್‌ಗ್ರೆಗರ್ ಕುಲದವರು ಲಸ್‌ನ ಒಡೆಯ ಕಹೂನ್‌ನ ದಂಡನ್ನು ಸದೆಬಡಿದರು. ಡಂಬಾರ್ಟನ್ ಪಟ್ಟಣದವರೂ ಆ ದಂಡಿನಲ್ಲಿದ್ದರು. ಪಟ್ಟಣದ ಅಧಿಕಾರಿ ಟೋಬಿಯಾಸ್ ಸ್ಮಾಲೆಟ್ ಅಲ್ಲೇ ಹೆಣವಾದ. ಸಂಖ್ಯೆಯೂ ಕುದುರೆಯೂ ಕಹೂನ್ ಕಡೆಗೇ ಹೆಚ್ಚು. ಆದರೆ ಜವುಗಿನಲ್ಲಿ ಹೂತ ಕುದುರೆ ಸವಾರನಿಗೆ ಬರೀ ಎತ್ತರದ ಪೀಠ. ಸತ್ತವರು ಸುಮಾರು 140. ಕದ್ದ ಮಾಲಿನ ಪಟ್ಟಿ: 600 ದನ, 800 ಕುರಿ-ಮೇಕೆ, 280 ಕುದುರೆ.

ಅಷ್ಟರಲ್ಲಿ ಜೇಮ್ಸ್‌ಗೆ ಇಂಗ್ಲೆಂಡಿನ ಸಿಂಹಾಸನವೂ ದಕ್ಕಿತು. ಲಂಡನ್ನಿಗೆ ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲೇ, ಏಪ್ರಿಲ್ 3ರಂದು ದೊರೆಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ನ ಆಜ್ಞೆ ಹೊರಟಿತು: ಮ್ಯಾಕ್‌ಗ್ರೆಗರ್ ಎಂಬ ಹೆಸರು ಇನ್ನಿಲ್ಲ, ಇಟ್ಟುಕೊಂಡವನೂ ಇರುವುದಿಲ್ಲ. ಜನ ಮರ್ರೆ, ಗ್ರಾಂಟ್, ಡ್ರಮಂಡ್, ಕ್ಯಾಂಪ್‌ಬೆಲ್ ಎಂದು ಕೈಗೆ ಸಿಕ್ಕ ಹೆಸರು ತೊಟ್ಟು ಅದೇ ಕಣಿವೆಗಳಲ್ಲಿ ಉಳಿದರು. ಸರ್ಕಾರಕ್ಕೀಗ ಪೇಚು. ಇಲ್ಲದ ಹೆಸರಿನವರನ್ನು ಶಿಕ್ಷಿಸುವುದು ಹೇಗೆ? ಮುಂದಿನ ಆಜ್ಞೆಗಳಲ್ಲಿ ‘ಹಿಂದೆ ಮ್ಯಾಕ್‌ಗ್ರೆಗರ್ ಎನಿಸಿಕೊಂಡಿದ್ದವರು’ ಎಂದು ಬರೆಯಬೇಕಾಯಿತು. ನಿಷೇಧಿತ ಹೆಸರನ್ನು ನಿರ್ಭಯವಾಗಿ ಬಳಸಿದ್ದು ಸರ್ಕಾರಿ ಗುಮಾಸ್ತನೊಬ್ಬನೇ! ಅವರು ಇಟ್ಟುಕೊಳ್ಳಬಹುದಾದ ಆಯುಧ, ಊಟಕ್ಕೆ ಬೇಕಾದ ಮೊನೆಯಿಲ್ಲದ ಚಾಕು. 1613ರಿಂದ ನಾಲ್ವರಿಗಿಂತ ಹೆಚ್ಚು ಮಂದಿ ಸೇರಿದರೆ ಸಾವು. ಹೆಣ ಹೊರಲು ನಾಲ್ವರು ಸಾಕು ನಿಜ. ಅಳಲು ಐದನೆಯವನು ಬಂದರೆ ಇನ್ನೂ ಐದು ಹೆಣ.

ಈ ಕುಲವನ್ನು ಹದ್ದುಬಸ್ತಿನಲ್ಲಿಡುವ ಹೊಣೆ ಆರ್ಗೈಲ್ ಪ್ರಾಂತ್ಯದ ಪ್ರಭುವಾದ ಅರ್ಲ್‌ನದು. ಇಂಗ್ಲೆಂಡಿಗೆ ಸುರಕ್ಷಿತವಾಗಿ ಮುಟ್ಟಿಸುತ್ತೇನೆಂಬ ಭರವಸೆಗೆ ಕುಲದ ನಾಯಕ ಅಲಸ್ಟೇರ್ ಶರಣಾದ. ಅರ್ಲ್ ಮಾತಿಗೆ ತಪ್ಪಲಿಲ್ಲ: ಗಡಿ ದಾಟಿಸಿ ಬರ್ವಿಕ್‌ವರೆಗೆ ಕರೆದೊಯ್ದು, ಇಂಗ್ಲೆಂಡಿನ ಮಣ್ಣು ಮುಟ್ಟಿಸಿ, ಹಾಗೇ ವಾಪಸ್ ಕರೆತಂದ. 1604ರ ಜನವರಿ 20ರಂದು ಎಡಿನ್‌ಬರೋದಲ್ಲಿ ಗಲ್ಲು. ನಮ್ಮನ್ನು ಛೂ ಬಿಟ್ಟವನೇ ಆರ್ಗೈಲ್ ಎಂದು ಅಲಸ್ಟೇರ್ ಸಾಯುವ ಮುನ್ನ ಹೇಳಿಕೆ ಕೊಟ್ಟ. ಬೇಲಿ ಹೊಲ ಮೇಯ್ದಿತ್ತೆನ್ನಿ. 1607ರಲ್ಲಿ ಆ ಬೇಲಿಗೆ ಕಿಂಟೈರ್ ಪ್ರದೇಶ ಇನಾಮು ಸಿಕ್ಕಿತು.

1661ರಲ್ಲಿ ನಿಷೇಧ ರದ್ದು, 1693ರಲ್ಲಿ ಮತ್ತೆ ಜಾರಿ, 1774ರಲ್ಲಿ ಅಂತೂ ಮುಕ್ತಾಯ. ಬಳಿಕ ಕುಲದ 826 ಮಂದಿ ಸಹಿ ಹಾಕಿ ಮ್ಯಾಕ್‌ಗ್ರೆಗರ್‌ಗಳ ನಾಯಕನನ್ನು ಒಪ್ಪಿಕೊಂಡರು. ಆತನ ಹೆಸರು ಜಾನ್ ಮರ್ರೆ.