ಗುಂಡಿ ಇದೆ, ಕಾಲರ್ ಎಲ್ಲಿ?

ಇವತ್ತು ಮಾಲ್‌ನಲ್ಲಿ ಒಂದು ಶರ್ಟ್ ಕೊಂಡೆ. ಬಿಳಿ ಆಕ್ಸ್‌ಫರ್ಡ್ ಬಟ್ಟೆ, ತುದಿಗಳನ್ನು ಗುಂಡಿ ಹಾಕಿ ಶರ್ಟಿಗೇ ಸೇರಿಸುವ ಬಟನ್-ಡೌನ್ ಕಾಲರ್, ಚೀಟಿಯ ಮೇಲೆ 'ಕ್ಲಾಸಿಕ್ ಐವಿ'. ಎಷ್ಟು ಆಸೆಯಿಂದ ತಂದೆ! ಮನೆಗೆ ಬಂದು ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಸಿಟ್ಟು ನೆತ್ತಿಗೇರಿತು. ತುದಿ ಗಿಡ್ಡ. ಕಾಲರ್ ರಟ್ಟಿನ ಹಾಗೆ ಎದೆಗೆ ಅಂಟಿ ಮಲಗಿದೆ. ಎರಡು ಗುಂಡಿ ಸುಮ್ನೆ ಅಲಂಕಾರಕ್ಕೆ.

ನಾನು ಟೈಲರ್ ಮಗ, ನಿಮಗೆ ಗೊತ್ತೇ ಇದೆ. ಕಾಲರ್ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗುವುದಿಲ್ಲ.

ಈ ಗುಂಡಿ ಹುಟ್ಟಿದ್ದೇ ಕೆಲಸಕ್ಕೆ. ಇಂಗ್ಲೆಂಡಿನಲ್ಲಿ ಪೋಲೋ ಆಡುವವರು, ಕುದುರೆ ಓಡುವಾಗ ಕಾಲರ್ ಮುಖಕ್ಕೆ ಬಡಿಯಬಾರದೆಂದು ಗುಂಡಿ ಹಾಕಿಕೊಳ್ಳುತ್ತಿದ್ದರಂತೆ. ನ್ಯೂಯಾರ್ಕಿನ ಬಟ್ಟೆ ಕಂಪನಿ ಬ್ರೂಕ್ಸ್ ಬ್ರದರ್ಸ್ ಮನೆತನದ ಜಾನ್ ಇ. ಬ್ರೂಕ್ಸ್ ಅದನ್ನು ನೋಡಿ ಸುಮಾರು 1900ರ ಹೊತ್ತಿಗೆ ಅಮೆರಿಕಕ್ಕೆ ತಂದರು ಎಂದು ಆ ಕಂಪನಿಯವರೇ ಹೇಳುತ್ತಾರೆ. ಮುಂದೆ ಅಲ್ಲಿನ ಯೇಲ್, ಪ್ರಿನ್ಸ್‌ಟನ್‌ನಂಥ 'ಐವಿ' ವಿಶ್ವವಿದ್ಯಾಲಯಗಳ ಹುಡುಗರು ದಿನಾ ತೊಟ್ಟಿದ್ದು ಇದನ್ನೇ. ಆ ಕಾಲರ್ ಒಳಗೆ ಬಕ್ರಂ, ಅಂದರೆ ಕಾಲರ್ ಗಟ್ಟಿಯಾಗಿ ನಿಲ್ಲಲು ಇಡುವ ಒಳಬಟ್ಟೆ, ಇರಲಿಲ್ಲ. ಮೆತ್ತಗಿತ್ತು, ಅದಕ್ಕೇ ಗುಂಡಿ ಬೇಕಿತ್ತು.

ಇದರ ಜೀವವೆಲ್ಲ ಆ 'ರೋಲ್'ನಲ್ಲಿದೆ. ಕತ್ತಿನ ಪಟ್ಟಿಯಿಂದ ಗುಂಡಿಗೆ ಇರುವ ದೂರಕ್ಕಿಂತ ಕಾಲರ್ ತುದಿ ಉದ್ದ ಇರಬೇಕು, ಮೂರೂಕಾಲು ಇಂಚಿಗಿಂತ ಜಾಸ್ತಿ. ಮಿಕ್ಕ ಬಟ್ಟೆ ಎಲ್ಲಿಗೆ ಹೋಗಬೇಕು? ಮೇಲೆ ಉಬ್ಬುತ್ತದೆ, ಬಾಗುತ್ತದೆ, ಗುಂಡಿಯ ಹತ್ತಿರ ಮತ್ತೆ ಒಳಗೆ ತಿರುಗುತ್ತದೆ. ಎಳೆ ಬಾಳೆಎಲೆ ಬಾಗಿದ ಹಾಗೆ. ಎಡಗಡೆ ಬಾಗಿದಂತೆ ಬಲಗಡೆ ಬಾಗುವುದಿಲ್ಲ, ಅದೇ ಚಂದ.

ಗಟ್ಟಿ ಕಾಲರ್ ಸಂಜೆವರೆಗೂ ನೆಟ್ಟಗಿರುತ್ತದೆ, ಇಸ್ತ್ರಿಯೂ ಸುಲಭ ಅಂತೀರಾ? ತಾನಾಗಿಯೇ ನೆಟ್ಟಗಿರುವ ಕಾಲರ್‌ಗೆ ಗುಂಡಿ ಯಾಕೆ? ಮಾಮೂಲಿ ಶರ್ಟ್ ಮಾರಿದರೆ ಸಾಕಲ್ವಾ?

ಮನಸ್ಸು ತಡೆಯದೆ ಗುಂಡಿ ಕಿತ್ತು, ಕಾಲಿಂಚು ಮೇಲೆ ಹೊಲಿದು ನೋಡಿದೆ. ಒಳಗೆ ಅಂಟಿಸಿದ ಬಕ್ರಂ ಬಾಗಲೇ ಇಲ್ಲ. ನಡುವೆ ಕಾಗದ ಮಡಚಿದ ಹಾಗೆ ಒಂದು ಗೆರೆ ಬಿತ್ತು, ಅಷ್ಟೇ. ಗುಂಡಿ ಇದೆ, ಕಾಲರ್ ಇಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ನಾನು ಕಾಲೇಜಿಗೆ ಸೇರಿದಾಗ ಅಪ್ಪ ಬಕ್ರಂ ಹಾಕದೆ ಒಂದು ಬಟನ್-ಡೌನ್ ಹೊಲಿದುಕೊಟ್ಟಿದ್ದರು. ಕಾಲರ್ ಜೋಲುತ್ತಿದೆ ಎಂದು ಅವರ ಮಿಷನ್ ಮೇಲೆ ಬಿಸಾಡಿ ಬಂದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಬ್ಲೇಡ್ ತಗೊಂಡು ಹೊಲಿಗೆ ಬಿಚ್ಚಿ, ಬಕ್ರಂ ಇಟ್ಟು ಹೊಲಿದರು. ಅವರು ಯಾಕೆ ಹಾಗೆ ಹೊಲಿದಿದ್ದರೆಂದು ನಾನು ಕೇಳಲೇ ಇಲ್ಲ.

ನಾಳೆ ಎರಡೂಕಾಲು ಮೀಟರ್ ಆಕ್ಸ್‌ಫರ್ಡ್ ಬಟ್ಟೆ ತರುತ್ತೇನೆ. ಬಕ್ರಂ ತರುವುದಿಲ್ಲ. ಅಪ್ಪನ ಕತ್ತರಿ ಮನೆಯಲ್ಲೇ ಇದೆ.