ಹಾರ್ಟ್ ವಿಷಯ ಬರೀಬೇಡಿ ಅಂದರು

‘ಹಾರ್ಟ್ ವಿಷಯ ಬರೀಬೇಡಿ ಮೇಡಂ. ಸುಮ್ನೆ ಇಲ್ಲ ಅಂತ ಟಿಕ್ ಮಾಡಿ. ಯಾರೂ ನೋಡಲ್ಲ.’

ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿಕೊಡುವ ಏಜೆಂಟ್ ಒಬ್ಬರು ಇವತ್ತು ಫೋನಿನಲ್ಲಿ ನನಗೆ ಹೇಳಿದ ಮಾತಿದು. ಫೋನ್ ಇಟ್ಟು ಎಷ್ಟೋ ಹೊತ್ತಾಯಿತು, ಕೋಪ ಮಾತ್ರ ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಮನೆಯಲ್ಲಿ ಹಾರ್ಟ್ ಪೇಷಂಟ್ ಇರುವವರು ದಯವಿಟ್ಟು ಪೂರ್ತಿ ಓದಿ.

ನನ್ನ ಸ್ಟೆಂಟ್ ಕಥೆ ನಿಮಗೆಲ್ಲ ಗೊತ್ತಿರುವುದೇ. ಹೃದಯದ ರಕ್ತನಾಳದಲ್ಲಿ ಬ್ಲಾಕ್ ಆಗಿ, ಅದು ತೆರೆದೇ ಇರಲಿ ಅಂತ ಒಳಗೆ ಸ್ಟೆಂಟ್ ಅನ್ನುವ ಸಣ್ಣ ಜಾಲರಿ ಕೊಳವೆ ಹಾಕಿದ್ದರು. ಆಗ ಆಸ್ಪತ್ರೆಗೆ ಬಂದು ನೋಡಿ ಹೋದವರು, ಫೋನ್ ಮಾಡಿ ಧೈರ್ಯ ಹೇಳಿದವರು ಎಲ್ಲ ಇಲ್ಲೇ ಇದ್ದೀರಿ. ಈಗ ಆರಾಮಾಗಿದ್ದೇನೆ. ಮಾತ್ರೆ ತಪ್ಪಿಸುವುದಿಲ್ಲ, ವಾಕಿಂಗ್ ಬಿಡುವುದಿಲ್ಲ. ಹೃದಯದ ಸ್ಕ್ಯಾನ್ ಎಕೋ, ಓಡುವ ಪಟ್ಟಿಯ ಮೇಲೆ ನಡೆಸಿ ನೋಡುವ ಟಿಎಂಟಿ, ಎರಡೂ ಚೆನ್ನಾಗಿ ಬಂದಿವೆ. ‘ಧಾರಾಳವಾಗಿ ಹೋಗಿ ಬನ್ನಿ’ ಅಂತ ಡಾಕ್ಟರೇ ಪತ್ರ ಬರೆದು ಕೊಟ್ಟಿದ್ದಾರೆ. ಮಗಳ ಮನೆಗೆ ಹೋಗಬೇಕು, ಅವಳಿರುವುದು ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿಸಿ ಕೊಡುವ ಒಂದೇ ವೀಸಾ, ಬೇಕಾಗುವ ದೇಶದಲ್ಲಿ. ವೀಸಾ ಬೇಕು ಅಂದರೆ ಇನ್ಶೂರೆನ್ಸ್ ಇರಲೇಬೇಕು. ಅಲ್ಲಿಂದ ಶುರುವಾಯಿತು ನೋಡಿ.

ಆನ್‌ಲೈನ್ ಫಾರಂ ತೆರೆದೆ. ಹೆಸರು, ವಯಸ್ಸು, ಪಾಸ್‌ಪೋರ್ಟ್ ನಂಬರ್, ಎಲ್ಲ ಸಲೀಸು. ಆಮೇಲೆ ಒಂದು ಪ್ರಶ್ನೆ. ‘ಹೃದಯಕ್ಕೆ ಸಂಬಂಧಿಸಿದ ಕಾಯಿಲೆ ಇದೆಯೇ?’ ಪಕ್ಕದಲ್ಲಿ ಎರಡೇ ಬಟನ್, ಹೌದು ಮತ್ತು ಇಲ್ಲ. ‘ಹೌದು’ ಒತ್ತಿದೆ. ಕ್ಷಮಿಸಿ, ಈ ಪಾಲಿಸಿ ನಿಮಗೆ ಸಿಗುವುದಿಲ್ಲ ಅಂತ ಬಂತು. ಅಷ್ಟೇ. ಯಾವ ಕಾಯಿಲೆ ಅಂತ ಕೇಳಲಿಲ್ಲ. ಯಾವಾಗ ಬಂತು, ಏನು ಚಿಕಿತ್ಸೆ ಆಯಿತು, ಈಗ ಹೇಗಿದ್ದೀರಿ, ಒಂದನ್ನೂ ಕೇಳಲಿಲ್ಲ. ಡಾಕ್ಟರ ಪತ್ರ ಹಾಕೋಣ ಅಂದರೆ ಜಾಗವೇ ಇಲ್ಲ.

ನನಗೆ ಮೈ ಉರಿಯುವುದು ಇಲ್ಲೇ. ಇಲ್ಲ ಅಂದರೆ ಇರಲಿ, ಆದರೆ ಕೇಳಿ ಇಲ್ಲ ಅನ್ನಬೇಕಲ್ವಾ?

ಸ್ವಲ್ಪ ಯೋಚನೆ ಮಾಡಿ. ನನ್ನ ವಯಸ್ಸಿನವರೇ ಒಬ್ಬರಿದ್ದಾರೆ ಅಂದುಕೊಳ್ಳಿ. ಬಿಪಿ ಎಷ್ಟಿದೆ ಅಂತ ನೋಡಿಸಿಕೊಂಡೇ ಇಲ್ಲ. ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ಗ್ಯಾಸ್ ಅಂತ ಸುಮ್ಮನಾಗಿದ್ದಾರೆ. ಅವರ ಫಾರಂನಲ್ಲಿ ಎಲ್ಲದಕ್ಕೂ ‘ಇಲ್ಲ’. ಅದು ಸುಳ್ಳೂ ಅಲ್ಲ, ಯಾಕೆಂದರೆ ಅವರಿಗೆ ಗೊತ್ತೇ ಇಲ್ಲ. ಅವರಿಗೆ ಕಡಿಮೆ ಪ್ರೀಮಿಯಂ, ನಗುಮುಖದ ಸ್ವಾಗತ. ನಾನು ಪರೀಕ್ಷೆ ಮಾಡಿಸಿಕೊಂಡೆ, ಬ್ಲಾಕ್ ಪತ್ತೆಯಾಯಿತು, ಸ್ಟೆಂಟ್ ಹಾಕಿಸಿಕೊಂಡೆ, ಹೇಳಿದ ಹಾಗೆ ಮಾತ್ರೆ ತಿಂದೆ. ಬಾಗಿಲು ಹಾಕಿದ್ದು ನನಗೆ! ಇಬ್ಬರಲ್ಲಿ ವಿಮಾನ ಹತ್ತುವುದು ಯಾರಿಗೆ ಜಾಸ್ತಿ ಅಪಾಯ ಅಂತ ಯಾವ ಡಾಕ್ಟರನ್ನಾದರೂ ಕೇಳಿ. ಫಾರಂಗೆ ಮಾತ್ರ ಅದು ಬೇಕಾಗಿಲ್ಲ. ಕಾಯಿಲೆ ಗೊತ್ತಾಯಿತು ಅನ್ನುವುದೇ ಅದರ ಲೆಕ್ಕದಲ್ಲಿ ಅಪರಾಧ.

ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಅನ್ನುವ ವೈದ್ಯರು ಹೃದಯದ ರಕ್ತನಾಳದೊಳಗೆ ಬಲೂನ್ ಉಬ್ಬಿಸಿ ಮೊದಲ ಆಂಜಿಯೋಪ್ಲಾಸ್ಟಿ ಮಾಡಿದ್ದು 1977ರಲ್ಲಿ. ಮನುಷ್ಯರ ಹೃದಯದ ರಕ್ತನಾಳಕ್ಕೆ ಮೊದಲ ಸ್ಟೆಂಟ್ ಕೂತಿದ್ದು 1986ರಲ್ಲಿ, ಫ್ರಾನ್ಸ್‌ನಲ್ಲಿ. ಅಲ್ಲಿಂದ ಈಚೆಗೆ ವೈದ್ಯರು ಎಲ್ಲಿಂದ ಎಲ್ಲಿಗೆ ಬಂದಿದ್ದಾರೆ! ಬೈಪಾಸ್ ಆಗಿ ವರ್ಷಗಟ್ಟಲೆ ಚೆನ್ನಾಗಿರುವವರಿದ್ದಾರೆ. ಪೇಸ್‌ಮೇಕರ್ ಹಾಕಿಸಿಕೊಂಡು ಕೆಲಸಕ್ಕೆ ಹೋಗುವವರಿದ್ದಾರೆ. ಹುಟ್ಟುವಾಗಲೇ ಇದ್ದ ತೂತನ್ನು ಚಿಕ್ಕಂದಿನಲ್ಲೇ ಮುಚ್ಚಿಸಿಕೊಂಡು ಅದನ್ನು ಮರೆತೇ ಬಿಟ್ಟವರಿದ್ದಾರೆ. ಹೃದಯದ ಬಡಿತ ಏರುಪೇರಾಗುವವರದು ಬೇರೆ ಕಥೆ, ವಾಲ್ವ್ ಬದಲಾಯಿಸಿಕೊಂಡವರದು ಬೇರೆ, ಹಾರ್ಟ್ ಫೇಲ್ಯೂರ್ ಆಗಿ ನಾಲ್ಕು ಹೆಜ್ಜೆ ಹಾಕಲಾಗದವರದು ಬೇರೆಯೇ. ಇವರೆಲ್ಲರನ್ನೂ ಒಂದೇ ಬಟನ್‌ಗೆ ಕಟ್ಟಿಹಾಕಿದರೆ ಹೇಗೆ?

ಈಗ ಆ ಏಜೆಂಟ್ ಮಾತಿಗೆ ಬರುತ್ತೇನೆ. ‘ಇಲ್ಲ ಅಂತ ಟಿಕ್ ಮಾಡಿ’ ಅನ್ನುವುದು ಅವರಿಗೆ ಸುಲಭ. ಪಾಲಿಸಿ ಮಾರಾಟವಾದರೆ ಅವರ ಕೆಲಸ ಮುಗಿಯಿತು. ನಾಳೆ ಅಲ್ಲಿ ಎದೆನೋವು ಬಂದರೆ? ಆಂಜಿಯೋಗ್ರಾಂ ಮಾಡಿದ ಕೂಡಲೇ ಪರದೆಯ ಮೇಲೆ ಸ್ಟೆಂಟ್ ಕಾಣುತ್ತದೆ. ಕ್ಲೇಮ್ ಅಂತ ಹೋದರೆ ಕಂಪನಿ ಹಳೆಯ ಡಿಸ್ಚಾರ್ಜ್ ಸಮ್ಮರಿ, ಮಾತ್ರೆ ಚೀಟಿ ಎಲ್ಲ ಕೇಳುತ್ತದೆ. ವಿಷಯ ಮುಚ್ಚಿಟ್ಟಿದ್ದೀರಿ ಅಂತ ಪಾಲಿಸಿಯನ್ನೇ ರದ್ದು ಮಾಡಬಹುದು. ಆಗ ಪರದೇಶದ ಆಸ್ಪತ್ರೆಯ ಬಿಲ್ ಹಿಡಿದುಕೊಂಡು ನನ್ನ ಮಗಳು ನಿಂತಿರುತ್ತಾಳೆ. ಈ ಏಜೆಂಟ್ ಫೋನ್ ಎತ್ತುತ್ತಾರಾ? ಇಷ್ಟು ಹಗುರವಾಗಿ ಇನ್ನೊಬ್ಬರ ಕೈಯಲ್ಲಿ ಸುಳ್ಳು ಬರೆಸುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

ಸರಿ, ನಿಜ ಹೇಳಿಯೇ ತಗೊಳ್ಳೋಣ ಅಂತ ಹೊರಟರೆ ಇನ್ನೊಂದು ಗುಂಡಿ ಇದೆ. ‘ಮೊದಲೇ ಇರುವ ಕಾಯಿಲೆಗೂ ಕವರ್ ಇದೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಖುಷಿಪಟ್ಟು ಷರತ್ತಿನ ಪುಟಗಳಿಗೆ ಹೋದೆ. ಅಲ್ಲಿ ಹೇಳಿದ್ದೇ ಬೇರೆ. ಪ್ರಾಣಾಪಾಯದ ತುರ್ತು ಪರಿಸ್ಥಿತಿಯಾದರೆ ಮಾತ್ರ. ಅದೂ ರೋಗಿ ಸ್ಥಿರವಾಗುವವರೆಗೆ ಮಾತ್ರ. ಅದಕ್ಕೂ ಒಂದು ಮಿತಿ, ಪಾಲಿಸಿಯ ಒಟ್ಟು ಮೊತ್ತದ ಚಿಕ್ಕ ಪಾಲು.

ಇದು ಆಸ್ಪತ್ರೆಯಲ್ಲಿ ಹೇಗಿರುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ರಾತ್ರಿ ಎದೆ ಬಿಗಿಯಿತು, ಎಮರ್ಜೆನ್ಸಿಗೆ ಹೋದಿರಿ. ಇಸಿಜಿ ತೆಗೆಯುತ್ತಾರೆ. ರಕ್ತದಲ್ಲಿ ಟ್ರೋಪೋನಿನ್, ಅಂದರೆ ಹೃದಯದ ಸ್ನಾಯುವಿಗೆ ಪೆಟ್ಟಾದರೆ ಏರುವ ಅಂಶ, ಎಷ್ಟಿದೆ ಅಂತ ನೋಡುತ್ತಾರೆ. ಮೊದಲ ಸಲ ಸರಿ ಇದ್ದರೂ ಸಾಲದು, ಕೆಲವು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಸ್ಟೆಂಟ್ ಇರುವವರನ್ನು ರಾತ್ರಿ ಅಲ್ಲೇ ಇಟ್ಟುಕೊಳ್ಳುವುದೂ ಉಂಟು. ಬೆಳಗ್ಗೆ ‘ಹಾರ್ಟ್ ಅಟ್ಯಾಕ್ ಅಲ್ಲ, ಹೋಗಿ ಬನ್ನಿ’ ಅಂದರೆ ಯಾರಿಗಾದರೂ ಜೀವ ಬಂದ ಹಾಗಾಗುತ್ತದೆ. ಆದರೆ ಕಂಪನಿ ಆ ಕಾಗದವನ್ನೇ ಹಿಡಿದು, ಪ್ರಾಣಾಪಾಯ ಇರಲಿಲ್ಲವಲ್ಲ, ಬಿಲ್ ನಿಮ್ಮದೇ ಅನ್ನಬಹುದು. ಪ್ರಾಣಾಪಾಯ ಹೌದೋ ಅಲ್ಲವೋ ಅಂತ ಎದೆನೋವು ಬಂದ ಆ ಕ್ಷಣದಲ್ಲಿ ನನಗೆ ಹೇಗೆ ತಿಳಿಯಬೇಕು? ತಿಳಿಯಲಿ ಅಂತಲೇ ಅಲ್ವಾ ಆಸ್ಪತ್ರೆಗೆ ಓಡುವುದು?

ಇನ್ನೂ ಇದೆ. ಹೃದಯಕ್ಕೆ ‘ಸಂಬಂಧಿಸಿದ’ ಅನ್ನುವುದನ್ನು ಎಲ್ಲಿಯವರೆಗೂ ಎಳೆಯಬಹುದು. ಬಿಪಿ ಸೇರಿತು, ಕೊಲೆಸ್ಟ್ರಾಲ್ ಸೇರಿತು, ಶುಗರ್ ಸೇರಿತು. ಸ್ಟ್ರೋಕ್ ಆದರೂ ಅದಕ್ಕೇ ಗಂಟು ಹಾಕಬಹುದು. ನಾವು ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಿನ್ನುವವರು. ಜಾರಿ ಬಿದ್ದು ಗಾಯವಾಗಿ ರಕ್ತ ನಿಲ್ಲದಿದ್ದರೆ ಅದನ್ನೂ ಹಾರ್ಟ್ ಲೆಕ್ಕಕ್ಕೆ ಬರೆಯುತ್ತಾರೋ ಏನೋ ಅನ್ನುವ ಅನುಮಾನ ಬರುತ್ತದೆ. ಟಿಕೆಟ್ ರದ್ದು ಮಾಡಬೇಕಾದಾಗಲೂ ಇದೇ ರಾಗ. ಹೊರಡುವ ಮುಂಚೆ ಎದೆನೋವಿನಿಂದ ಆಸ್ಪತ್ರೆ ಸೇರಿ ಪ್ರಯಾಣ ನಿಂತರೆ, ಹಳೆಯ ಕಾಯಿಲೆಯಿಂದ ಆಯಿತು ಅಂತ ಆ ಹಣವನ್ನೂ ಕೊಡದ ಪಾಲಿಸಿಗಳಿವೆ.

ಕೆನಡಾದ ಪಾಲಿಸಿಗಳಲ್ಲಿ ‘ಸ್ಟೆಬಿಲಿಟಿ ಪೀರಿಯಡ್’ ಅಂತ ಒಂದು ಲೆಕ್ಕ ಇದೆ. ಹೊರಡುವ ಮುಂಚೆ ಇಷ್ಟು ದಿನ, ಕೆಲವದರಲ್ಲಿ 90, ಕೆಲವದರಲ್ಲಿ 180, ಕಾಯಿಲೆಯಲ್ಲಿ, ಮಾತ್ರೆಯಲ್ಲಿ ಏನೂ ಬದಲಾವಣೆ ಆಗಿರಬಾರದು. ನ್ಯಾಯ ಅನ್ನಿಸುತ್ತದೆ ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಎಷ್ಟೋ ಪಾಲಿಸಿಗಳಲ್ಲಿ ಡೋಸ್ ಕಡಿಮೆ ಮಾಡಿದರೂ ಅದು ಬದಲಾವಣೆಯೇ. ‘ಬಿಪಿ ಚೆನ್ನಾಗಿ ಇಳಿದಿದೆ, ಮಾತ್ರೆ ಅರ್ಧ ಮಾಡೋಣ’ ಅಂತ ಡಾಕ್ಟರು ಹೇಳಿದರೆ ಮನೆಯವರಿಗೆ ಖುಷಿ, ಪಾಲಿಸಿಗೆ ನೀವು ಅಸ್ಥಿರ. ಅಮೆರಿಕದಲ್ಲಿ ಇನ್ನೊಂದು ಥರ. ಪ್ರವಾಸಕ್ಕೆ ಮೊದಲ ಹಣ ಕಟ್ಟಿದ ಎರಡು ಮೂರು ವಾರದೊಳಗೆ ಪಾಲಿಸಿ ತಗೊಂಡು, ಆಗ ಆರೋಗ್ಯ ಸರಿಯಾಗಿದ್ದರೆ, ಹಳೆಯ ಕಾಯಿಲೆಯ ನಿರ್ಬಂಧವನ್ನೇ ಬಿಟ್ಟುಕೊಡುವ ಕಂಪನಿಗಳಿವೆ. ಒಳ್ಳೆಯದೇ. ಆದರೆ ಟಿಕೆಟ್ ತಗೊಳ್ಳುವ ದಿನ ಇದನ್ನು ಯಾರು ಕರೆದು ಹೇಳುತ್ತಾರೆ?

ವೀಸಾ ನಿಯಮವೂ ನಮ್ಮ ಕೈಹಿಡಿಯುವುದಿಲ್ಲ. ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಕವರ್ ಇರಬೇಕು, ತುರ್ತು ಚಿಕಿತ್ಸೆ, ವಾಪಸ್ ಕರೆತರುವ ಖರ್ಚು ಎಲ್ಲ ಸೇರಿರಬೇಕು. ಮೊತ್ತ ಹೇಳಿದೆ, ಹಳೆಯ ಕಾಯಿಲೆಯ ಮಾತಿಲ್ಲ. ಹಾಗಾಗಿ ಹೃದಯವನ್ನು ಪೂರ್ತಿ ಹೊರಗಿಟ್ಟ ಪಾಲಿಸಿ ಕೊಟ್ಟೂ ವೀಸಾ ಬರಬಹುದು. ವೀಸಾ ಬಂತಲ್ಲ, ಇನ್ಶೂರೆನ್ಸ್ ಸರಿಯಾಗಿಯೇ ಇರಬೇಕು ಅಂತ ನಂಬಿ ಹೊರಡುವ ನನ್ನಂಥವರು ಎಷ್ಟು ಜನ ಇದ್ದಾರೋ. ನೆನೆಸಿಕೊಂಡರೆ ಸಂಕಟವಾಗುತ್ತದೆ.

‘ಕಂಪನಿಯವರೇನು ಧರ್ಮಕ್ಕೆ ಕೂತಿದ್ದಾರಾ, ಹಾರ್ಟ್ ಪೇಷಂಟ್ ಅಂದರೆ ಖರ್ಚು ಜಾಸ್ತಿ ತಾನೆ?’ ಅಂತ ನನ್ನ ತಮ್ಮನೇ ಕೇಳಿದ. ಒಪ್ಪುತ್ತೇನೆ. ವಿದೇಶದ ಐಸಿಯು ಖರ್ಚು, ಏರ್ ಆಂಬುಲೆನ್ಸ್ ಖರ್ಚು ಹುಡುಗಾಟವಲ್ಲ. ವಿಮಾನದೊಳಗಿನ ಗಾಳಿಯ ಒತ್ತಡವೂ 6,000ದಿಂದ 8,000 ಅಡಿ ಎತ್ತರದ ಬೆಟ್ಟದಲ್ಲಿ ಇದ್ದಷ್ಟೇ ಇರುತ್ತದೆ, ದುರ್ಬಲ ಹೃದಯಕ್ಕೆ ಅದು ಕಷ್ಟ. ಹಾಗಂತ ಜಾಸ್ತಿ ದುಡ್ಡು ಕೇಳಲಿ, ಯಾರು ಬೇಡ ಅಂದರು? ನಾನು ಕಟ್ಟುತ್ತೇನೆ. ಇಷ್ಟು ಅಪಾಯ, ಅದಕ್ಕೆ ಇಷ್ಟು ಪ್ರೀಮಿಯಂ ಅಂತ ಲೆಕ್ಕ ಹಾಕುವುದೇ ತಾನೆ ಅವರ ಕಸುಬು? ರಿಪೋರ್ಟ್ ನೋಡದೆ, ಒಂದು ಪ್ರಶ್ನೆ ಕೇಳದೆ ಲೆಕ್ಕ ಹಾಕಿದೆವು ಅಂದರೆ ನಾನು ಒಪ್ಪುವುದಿಲ್ಲ. ತಮ್ಮನಿಗೂ ಇದನ್ನೇ ಹೇಳಿದೆ, ಅವನು ಮಾತು ಬದಲಾಯಿಸಿದ.

ಕೇಳಿ ಕೊಡುವುದು ಆಗದ ಕೆಲಸವೇನಲ್ಲ. ಬ್ರಿಟನ್‌ನಲ್ಲಿ 2021ರಿಂದ ಒಂದು ನಿಯಮ ಇದೆ. ಕಾಯಿಲೆ ಇದೆ ಅಂತ ಒಬ್ಬರಿಗೆ ಪಾಲಿಸಿ ನಿರಾಕರಿಸಿದರೆ, ಅಂಥವರಿಗೇ ಪಾಲಿಸಿ ಕೊಡುವ ಕಂಪನಿಗಳ ಪಟ್ಟಿ ಎಲ್ಲಿದೆ ಅಂತ ಆ ಕಂಪನಿ ತಿಳಿಸಲೇಬೇಕು. ‘ಇಲ್ಲ’ ಅಂದು ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ, ಇನ್ನೊಂದು ದಾರಿ ತೋರಿಸಬೇಕು. ಇಷ್ಟೇ ನಿಯಮ ಎಲ್ಲ ದೇಶದಲ್ಲೂ ಬಂದರೆ ಎಷ್ಟು ಜನರ ಅಲೆದಾಟ ತಪ್ಪುತ್ತಿತ್ತು!

ನನಗೂ ಕೊನೆಗೆ ಕೇಳುವವರು ಸಿಕ್ಕಿದರು. ಒಂದು ಕಂಪನಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಸ್ಟೆಂಟ್ ಯಾವಾಗ ಹಾಕಿದ್ದು, ಆಮೇಲೆ ಎದೆನೋವು ಬಂದಿತ್ತಾ, ಸಮತಟ್ಟು ದಾರಿಯಲ್ಲಿ ನಡೆದರೆ ಉಸಿರು ಕಟ್ಟುತ್ತಾ, ಎಕೋದಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ (ಒಂದೊಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ) ಎಷ್ಟಿದೆ, ಮಾತ್ರೆ ಬದಲಾಗಿದೆಯಾ, ಯಾವುದಾದರೂ ಪರೀಕ್ಷೆಯ ರಿಪೋರ್ಟ್ ಬರುವುದು ಬಾಕಿ ಇದೆಯಾ, ಎಲ್ಲ ಒಂದೊಂದಾಗಿ ಕೇಳಿದಳು. ನಾನು ಮಾತ್ರೆಯ ಹೆಸರು ಓದುವಾಗ ‘ನಿಧಾನ ಅಮ್ಮ, ಅವಸರ ಇಲ್ಲ’ ಅಂದಳು. ನನಗೆ ಗಂಟಲು ಕಟ್ಟಿತು. ಇಷ್ಟು ದಿನ ಯಾರಿಗೂ ಹೇಳಿಕೊಳ್ಳದ್ದನ್ನು ಇಲ್ಲಿ ಹೇಳುತ್ತೇನೆ. ಆ ಫಾರಂಗಳು ಒಂದೊಂದಾಗಿ ಬೇಡ ಅಂದಾಗೆಲ್ಲ, ಡಾಕ್ಟರಿಗೆ ಕಾಣದ್ದೇನೋ ಇವರಿಗೆ ಕಂಡಿರಬೇಕು ಅಂತ ರಾತ್ರಿ ಎದ್ದು ಕೂತು ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆ.

ಪ್ರೀಮಿಯಂ ಜಾಸ್ತಿಯೇ ಆಯಿತು. ಕಟ್ಟಿದೆ. ಹೃದಯಕ್ಕೂ ಪೂರ್ತಿ ಮೊತ್ತದ ಕವರ್ ಇದೆ ಅಂತ ಬರಹದಲ್ಲಿ ಕೇಳಿದೆ, ಇಮೇಲ್ ಕಳಿಸಿದರು. ಆಸ್ಪತ್ರೆ ಸೇರುವ ಮೊದಲು, ಆಗದಿದ್ದರೆ ಸೇರಿದ ಕೂಡಲೇ, ಸಹಾಯವಾಣಿಗೆ ಫೋನ್ ಮಾಡಬೇಕು ಅಂತ ಇತ್ತು. ಆ ನಂಬರ್ ಮಗಳ ಫೋನಿನಲ್ಲೂ ಹಾಕಿಸಿದ್ದೇನೆ. ಹಾಗಿದ್ದೂ ಇವತ್ತು ಆ ಏಜೆಂಟ್ ಜೊತೆ ಯಾಕೆ ಮಾತಾಡಿದೆ ಅಂದರೆ, ನನ್ನ ಗೆಳತಿಗೋಸ್ಕರ. ಅವಳಿಗೆ ವಾಲ್ವ್ ಆಪರೇಷನ್ ಆಗಿದೆ, ಅಕ್ಕನನ್ನು ನೋಡಲು ಹೋಗಬೇಕು. ಅವಳಿಗೂ ಅದೇ ಸಲಹೆ ಕೊಡುತ್ತಿದ್ದರು. ಅವಳು ಹೆದರಿ ‘ಇಲ್ಲ’ ಅಂತ ಟಿಕ್ ಮಾಡುವುದರಲ್ಲಿದ್ದಳು, ನಾನು ಬಿಡಲಿಲ್ಲ.

ನಿಮ್ಮಲ್ಲಿ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಮಾಡುವವರು ಇಬ್ಬರು ಮೂವರು ಇದ್ದೀರಿ, ನನಗೆ ಗೊತ್ತು. ಒಂದು ಮಾತು ನಿಮ್ಮ ಮೇಲಿನವರಿಗೆ ಮುಟ್ಟಿಸಿ. ಮೊದಲ ಪುಟದಲ್ಲೇ, ಒಟ್ಟು ಮೊತ್ತದ ಪಕ್ಕದಲ್ಲೇ, ಹಳೆಯ ಕಾಯಿಲೆಗೆ ಎಷ್ಟು ಸಿಗುತ್ತದೆ ಅಂತ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ‘ಹೌದು’ ಅಂದವರಿಗೆ ಇನ್ನು ನಾಲ್ಕು ಪ್ರಶ್ನೆ ಕೇಳಿ. ಮತ್ತೆ, ವಾಲ್ವ್ ಆದವರಿಗೆ ಸರಿಯಾಗಿ ಕೇಳಿ ಪಾಲಿಸಿ ಕೊಡುವವರು ಯಾರಾದರೂ ನಿಮಗೆ ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ. ಗೆಳತಿ ಟಿಕೆಟ್‌ಗೆ ಆಗಲೇ ದುಡ್ಡು ಕಟ್ಟಿದ್ದಾಳೆ.